ಲೆಕ್ಕ ಬರ್ಕೊಂಡು ಹೋದವರು ಹೊಳ್ಳಿ ಬರಬೇಕು

ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ಕ್ಕೆ ಯಾದಗಿರಿ ಕೊನೆ, 2025ಕ್ಕೆ ಕಲಬುರಗಿ ಕೊನೆ. ಪ್ರತಿ ಸಲವೂ ಚರ್ಚೆ ಸುತ್ತಿ ಬಳಸಿ ಪಾಲಕರ ತಲೆ ಮೇಲೆ ಬಂದು ಕೂರುತ್ತದೆ. ‘ಅವರಿಗೆ ಆಸಕ್ತಿನೇ ಇಲ್ಲ’ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಮ್ಮ ಊರುಗಳಿಗೆ ಬಂದು ಮಾಹಿತಿ ಬರ್ಕೊಂಡು ಹೋಗುವ ಸಂಶೋಧಕರಿಗೂ ಇದರಲ್ಲಿ ಒಂದು ಪಾಲಿದೆ.

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯ ಹಾಜರಿ ಪುಸ್ತಕ ನೋಡಿದ್ದೇನೆ. ದೀಪಾವಳಿವರೆಗೆ ಎಲ್ಲ ಸರಿ. ಆಮೇಲೆ ಕೆಲವು ಹೆಸರುಗಳ ಮುಂದೆ ಕೆಂಪು ಶಾಯಿಯ ‘ಗೈ’ ಶುರುವಾಗಿ ಯುಗಾದಿವರೆಗೂ ನಿಲ್ಲುವುದಿಲ್ಲ. ಆ ಮಕ್ಕಳು ಬೆಂಗಳೂರಲ್ಲೋ ಪುಣೆಯಲ್ಲೋ, ಅಪ್ಪ ಅವ್ವ ಗಾರೆ ಕೆಲಸ ಮಾಡುವ ಕಡೆ, ತಗಡಿನ ಶೆಡ್ಡಿನಲ್ಲಿ ತಮ್ಮ ತಂಗಿಯರನ್ನು ಎತ್ತಿ ಆಡಿಸುತ್ತಿರುತ್ತಾರೆ. ಇದು ಇಡೀ ಊರಿಗೆ ಗೊತ್ತು. ‘ಮಕ್ಕಳು ಯಾಕೆ ಗೈರು’ ಅಂತ ಕೇಳುವ ಸಂಶೋಧಕರು ಬಹಳ ಮಂದಿ. ‘ಗುಳೆ ಹೋಗುವ ಈ ಊರಲ್ಲಿ, ಪಾಲಕರು ಹೋದ ತಿಂಗಳುಗಳಲ್ಲಿ ಮಕ್ಕಳು ಉಳಿಯುವಂಥ ಹಂಗಾಮಿ ಹಾಸ್ಟೆಲ್ ಯಾಕಿಲ್ಲ’ ಅಂತ ಕೇಳಬೇಕಾದರೆ ಗುಳೆ ಹೋಗುವವರ ಜೊತೆ ಕೂತಿರಬೇಕು.

ಅಲ್ಲಿನ ಒಬ್ಬ ಅಜ್ಜಿ ನನಗೆ ಹೇಳಿದ್ದು: “ಯವ್ವಾ, ಲೆಕ್ಕ ಬರ್ಕೊಂಡ್ ಹೋದೋರು ಭಾಳ ಮಂದಿ ಅದಾರ. ಹೊಳ್ಳಿ ಬಂದು ಏನಾತು ಅಂತ ಹೇಳಿದೋರು ಒಬ್ರೂ ಇಲ್ಲ.”

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪಾಲಕರು, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು. ಶಾಲಾ ಅಭಿವೃದ್ಧಿ ಯೋಜನೆಯನ್ನು ಆ ಸಮಿತಿಯೇ ತಯಾರಿಸಬೇಕು, ಅನುದಾನಕ್ಕೆ ಅದೇ ಆಧಾರವಾಗಬೇಕು. ಎಷ್ಟು ಕಡೆ ಆ ತಾಯಂದಿರು ಯೋಜನೆ ಓದದೆಯೇ ಹೆಬ್ಬೆಟ್ಟು ಒತ್ತುತ್ತಾರೆ! ಸಂಶೋಧಕರು ಅವರ ಜೊತೆ ಕೂತು ಆ ಯೋಜನೆ ಬರೆಯಲಿ, ಅದನ್ನು ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಹೋಗಲಿ.

ಹೋರಾಟಕ್ಕಿಳಿದರೆ ಸಂಶೋಧನೆ ಕೆಡುತ್ತದೆ ಅನ್ನುವವರಿದ್ದಾರೆ. ಅವರು ಒಮ್ಮೆ ಗ್ರಾಮಸಭೆಯಲ್ಲಿ ನಿಂತು ತಮ್ಮ ಅಂಕಿಅಂಶ ಓದಬೇಕು. ಖಾಲಿ ಹುದ್ದೆ ಎಷ್ಟು, ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು ಅನ್ನುವುದರಲ್ಲಿ ಒಂದು ತಪ್ಪಿದ್ದರೂ ಊರಿನವರು ಅಲ್ಲೇ ಹಿಡಿಯುತ್ತಾರೆ. ಅಂಥ ಪರಿಶೀಲನೆ ನಾನು ಯಾವ ಸೆಮಿನಾರಿನಲ್ಲೂ ಕಂಡಿಲ್ಲ. ಬರೀ ಲೆಕ್ಕ ಸಾಲದು ಅನ್ನುವುದಕ್ಕೆ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಇತಿಹಾಸವೇ ನೋಡಿ. ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ ಅಂತ 2002ರಲ್ಲಿ ನಂಜುಂಡಪ್ಪ ಸಮಿತಿ ಲೆಕ್ಕ ಹಾಕಿ ತೋರಿಸಿತು. ಆದರೂ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಗಾಗಿ ವೈಜನಾಥ ಪಾಟೀಲರಂಥ ಹೋರಾಟಗಾರರು ಬೀದಿಯಲ್ಲಿ ಕೂರಬೇಕಾಯಿತು. ಸಂಸತ್ತು ತಿದ್ದುಪಡಿ ಒಪ್ಪಿದ್ದು 2012ರ ಕೊನೆಗೆ.

ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿರುವ ಗೆಳೆಯರೇ, ನಿಮ್ಮ ಪ್ರಬಂಧದ ಸಾರವನ್ನು ಎರಡು ಪುಟ ಕನ್ನಡದಲ್ಲಿ ಬರೆದು, ಮಾಹಿತಿ ಕೊಟ್ಟ ಊರಿಗೇ ಹೋಗಿ ಗಟ್ಟಿಯಾಗಿ ಓದಿ. ಜನ ಗುಳೆ ಹೊರಡುವ ಮೊದಲೇ ಹೋಗಿ. ಊರಿನವರನ್ನು ಸೇರಿಸುವ ಕೆಲಸ ನಮಗೆ ಬಿಡಿ.