ಶಾಲು, ಸಹಿ ಮತ್ತು ಉಣುಗು

ಮಂಗನ ಕಾಯಿಲೆ ಪತ್ರಿಕೆಯ ಒಳಪುಟದಿಂದ ಮುಖಪುಟಕ್ಕೆ ಬಡ್ತಿ ಪಡೆಯಿತೆಂದರೆ, ಬೆನ್ನಿಗೇ ‘ಸಂಶೋಧನಾ ಸಹಭಾಗಿತ್ವ’ದ ಫೋಟೊ ಬರುತ್ತದೆ. ಮೇಜಿಗೆ ಹಸಿರು ಬಟ್ಟೆ, ಎರಡು ಫೈಲು, ಎರಡು ಪೆನ್ನು, ಹಿಂದೆ ಇಣುಕುವ ಒಂಬತ್ತು ತಲೆ. ಸಹಿ ಹಾಕುವವರು ಇಬ್ಬರೇ. ಉಳಿದವರು ಶಾಲಿಗೆ ಬಂದವರು.

ಮೊದಲ ಸಹಭಾಗಿತ್ವವನ್ನು ಮಾತ್ರ ಬೈಯುವ ಹಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಉದುರಿದಾಗ, ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ನೂ ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರೂ ಕೂಡಿ ನಡೆಸುತ್ತಿದ್ದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಅದೇ ವರ್ಷ ವೈರಸ್ ಹಿಡಿದರು. ರೋಗ ಹರಡುವುದು ರಕ್ತ ಹೀರುವ ಉಣುಗು ಎಂಬ ಗುಟ್ಟೂ ಸಿಕ್ಕಿತು. ಇನ್ನೇನು ಮದ್ದೊಂದೇ ಬಾಕಿ ಎಂದುಕೊಂಡರು. ಈಗಲೂ ಅದೊಂದೇ ಬಾಕಿ.

ಅಷ್ಟರಲ್ಲಿ ವೈರಸ್ ಯಾವ ಕಾಗದಕ್ಕೂ ಸಹಿ ಹಾಕದೆ ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗ ನೋಡಿಕೊಂಡು ಬಂತು. ಅಂತರರಾಜ್ಯ ಸಹಕಾರ ಕಲಿಯುವುದಿದ್ದರೆ ಅದರ ಹತ್ತಿರವೇ ಕಲಿಯಬೇಕು.

ಪರೀಕ್ಷೆಯ ವಿಚಾರ. ಜ್ವರದ ಮೊದಲ ವಾರ ರಕ್ತದಲ್ಲಿ ವೈರಸ್ ಇರುತ್ತದೆ, ಅದನ್ನೇ ನೇರ ಹುಡುಕುವ ಆರ್‌ಟಿ-ಪಿಸಿಆರ್ ಆಗಲೇ ಆಗಬೇಕು. ತಡವಾದರೆ, ವೈರಸ್ ವಿರುದ್ಧ ದೇಹ ಹುಟ್ಟಿಸಿದ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ. ಮಲೆನಾಡಿನ ಮನುಷ್ಯ ಮೂರು ದಿನ ಕಷಾಯ ಕುಡಿಯುತ್ತಾನೆ, ನಾಲ್ಕನೇ ದಿನ ಅಂಗಡಿಯ ಮಾತ್ರೆ ನುಂಗುತ್ತಾನೆ, ಆರನೇ ದಿನ ಪಿಎಚ್‌ಸಿ ಮೆಟ್ಟಿಲು ಹತ್ತುತ್ತಾನೆ. ರಕ್ತ 2ರಿಂದ 8 ಡಿಗ್ರಿಯಲ್ಲಿ ಪ್ರಯೋಗಾಲಯ ಸೇರಬೇಕು. ಘಾಟಿಯ ತಿರುವಿನಲ್ಲಿ ಐಸ್‌ಪ್ಯಾಕ್ ಕರಗಿದರೆ ಪಿಸಿಆರ್ ಹುಡುಕುವ ವೈರಸ್ಸಿನ ಆರ್‌ಎನ್‌ಎ ಚೂರಾಗಿ ವರದಿ ನೆಗೆಟಿವ್. ವಾರ ಕಳೆದ ರಕ್ತಕ್ಕೆ ಪಿಸಿಆರ್ ಒಂದನ್ನೇ ಮಾಡಿ ಕೈತೊಳೆದರೂ ನೆಗೆಟಿವ್ ಬರಬಹುದು. ಜ್ವರ ರೋಗಿಗೆ ಇದೆ, ಕಾಗದಕ್ಕಿಲ್ಲ. ಪುಣೆಯ ಅದೇ ಕೇಂದ್ರ, ಈಗಿನ ಹೆಸರು ಎನ್‌ಐವಿ, ಗೋವಾದ ಮೋಲ್‌ಬಯೊ ಕಂಪನಿ ಜೊತೆ ಸೇರಿ ಈ ಕಾಯಿಲೆಯ ಪರೀಕ್ಷೆಗೆ ಟ್ರೂನ್ಯಾಟ್ ಚಿಪ್ ಮಾಡಿದೆ. ಬ್ಯಾಟರಿಯಲ್ಲಿ ನಡೆಯುವ ಯಂತ್ರ, ತಾಲ್ಲೂಕು ಆಸ್ಪತ್ರೆಯಲ್ಲೇ ಇಡಬಹುದು. ಇದು ಕೆಲಸದ ಒಡಂಬಡಿಕೆ, ಹಾಗಾಗಿ ಇದರ ಶಾಲು ಯಾರಿಗೂ ನೆನಪಿಲ್ಲ.

ವೈರಸ್ ಕೊಲ್ಲುವ ಔಷಧ? ಇಲ್ಲ. ಡ್ರಿಪ್ಪು, ಪ್ಯಾರಾಸಿಟಮಾಲ್, ಪ್ಲೇಟ್‌ಲೆಟ್ ಎಣಿಕೆ. ಆಸ್ಪಿರಿನ್ ಬೇಡ, ರಕ್ತಸ್ರಾವ ಹೆಚ್ಚುತ್ತದೆ. ಕೊಟ್ಟಿಗೆಗೆ ಕಾಡಿನ ದರಕು, ಅಂದರೆ ಒಣ ಎಲೆ, ಗುಡಿಸುವ ಕೆಲವು ನೂರು ಜನರ ಜ್ವರದಲ್ಲಿ ಯಾವ ಕಂಪನಿಗೆ ಮಾರುಕಟ್ಟೆ ಕಾಣುತ್ತದೆ?

ಲಸಿಕೆ ಇತ್ತು. ಕೋಳಿ ಭ್ರೂಣದ ಜೀವಕೋಶದಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್ ಹಾಕಿ ಸಾಯಿಸಿ, ಬೆಂಗಳೂರಿನ ಹೆಬ್ಬಾಳದಲ್ಲಿ ಮಾಡುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಮತ್ತೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿದಲ್ಲಿ ಉರಿ; ಮೊದಲನೆಯದಕ್ಕೆ ಬಂದವರು ಎರಡನೆಯದಕ್ಕೆ ತಲೆಮರೆಸಿಕೊಳ್ಳುತ್ತಿದ್ದರು. ಎರಡು ಡೋಸ್ ಪಡೆದವರಿಗೂ ರಕ್ಷಣೆ ನೂರಕ್ಕೆ 62ರಷ್ಟೇ ಎಂಬ ಅಧ್ಯಯನ 2013ರಲ್ಲೇ ಅಚ್ಚಾಗಿತ್ತು. 2022ರಲ್ಲಿ, ಶಕ್ತಿ ಸಾಲದೆಂದು, ಅದೂ ನಿಂತಿತು. ಹೊಸದಕ್ಕೆ ಐಸಿಎಂಆರ್ ಈಗ ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆ ಕೈಜೋಡಿಸಿದೆ. ಸಂತೋಷ. ಹಳೆಯದು ಸವೆಯುತ್ತಿದ್ದುದು ಗೊತ್ತಿದ್ದ ಅಷ್ಟೂ ವರ್ಷ ಈ ಕೈಗಳು ಎಲ್ಲಿದ್ದವು? ಸಾಯುತ್ತಿದ್ದವರು ಕೂಲಿಯವರು, ಅಷ್ಟೇ. ಇದರಲ್ಲಿ ನಗುವಂಥದ್ದೇನಿಲ್ಲ.

ಸದ್ಯಕ್ಕೆ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಕೊಟ್ಟ, ಉಣುಗು ಹತ್ತಿರ ಬಾರದಂತೆ ತಡೆಯುವ ಡೆಪಾ ಎಣ್ಣೆಯಿದೆ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿ. ಬೆವರಿದರೆ ಇಳಿದುಹೋಗುತ್ತದೆ, ಮತ್ತೆ ಹಚ್ಚಿ. ಬಂದಮೇಲೆ ಬಿಸಿನೀರಿನ ಸ್ನಾನ, ಬಟ್ಟೆಗೂ ಬಿಸಿನೀರು. ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಿ, ಸುತ್ತ 50 ಮೀಟರ್ ಉಣುಗು ಸಾಯಿಸುವ ಮೆಲಾಥಿಯಾನ್ ಪುಡಿ ಚೆಲ್ಲುತ್ತಾರೆ. ಪುಡಿ ದಾಸ್ತಾನಿದ್ದರೆ.