ಮಯಾಲ್ ಕ್ರೀಕ್: ನೇಣಿಗೇರಿದ್ದು ಯಾರು, ಉಳಿದುಕೊಂಡಿದ್ದು ಯಾರು

ಆಸ್ಟ್ರೇಲಿಯಾದಲ್ಲಿ ಬಿಳಿಯರು ಮೂಲನಿವಾಸಿಗಳನ್ನು ಕೊಂದ ಮಾತು ಬಂದರೆ ಸಾಕು, ಯಾರಾದರೊಬ್ಬರು ಮಯಾಲ್ ಕ್ರೀಕ್ ಹೆಸರು ತೆಗೆಯುತ್ತಾರೆ. "ಅಲ್ಲಿ ಬಿಳಿಯರನ್ನೇ ನೇಣಿಗೆ ಹಾಕಿದ್ರಲ್ಲ, ಕಾನೂನು ಇತ್ತು ಅಲ್ವಾ?" ಅಂತ. ಹಾಕಿದ್ದು ನಿಜ. ಕೇಸನ್ನು ಪೂರ್ತಿ ಓದಿದ ಮೇಲೆ ನನಗಂತೂ ಆ ವಾದ ಒಪ್ಪಲು ಆಗುತ್ತಿಲ್ಲ.

1838ರ ಜೂನ್ 10. ನ್ಯೂ ಸೌತ್ ವೇಲ್ಸ್‌ನ ಉತ್ತರಕ್ಕೆ, ಮಯಾಲ್ ಕ್ರೀಕ್‌ನಲ್ಲಿ, ಹೆನ್ರಿ ಡಾಂಗರ್ ಎಂಬ ಜಮೀನುದಾರನ ದನದ ಸ್ಟೇಷನ್, ಅಂದರೆ ದನ ಸಾಕುವ ದೊಡ್ಡ ಜಮೀನು. ವಿರಯರಾಯ್ ಎಂಬ ಮೂಲನಿವಾಸಿ ಜನ ಕೆಲವು ವಾರಗಳಿಂದ ಅಲ್ಲೇ ಬಿಡಾರ ಹೂಡಿದ್ದರು. ಕೆಲಸದಾಳುಗಳ ಜೊತೆ ಯಾವ ಜಗಳವೂ ಇರಲಿಲ್ಲ. ಕುದುರೆ ಏರಿ ಬಂದ ಗುಂಪೊಂದು ಕನಿಷ್ಠ 28 ಜನರನ್ನು ಹಗ್ಗದಲ್ಲಿ ಕಟ್ಟಿ ಎಳೆದೊಯ್ದು ಕೊಂದಿತು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಆಮೇಲೆ ಹೆಣಗಳನ್ನು ಸುಟ್ಟರು.

ಸ್ಟೇಷನ್ ನೋಡಿಕೊಳ್ಳುತ್ತಿದ್ದ ವಿಲಿಯಂ ಹಾಬ್ಸ್ ದೂರು ಕೊಟ್ಟ. ಗುಡಿಸಲು ಕಾಯುತ್ತಿದ್ದ ಕೈದಿ (ಬ್ರಿಟನ್ನಿನಿಂದ ಗಡೀಪಾರಾಗಿ ಬಂದು ಜಮೀನುದಾರರ ಬಳಿ ದುಡಿಯುತ್ತಿದ್ದವ) ಜಾರ್ಜ್ ಆಂಡರ್ಸನ್ ಸಾಕ್ಷಿ ಹೇಳಿದ. ಜಮೀನುದಾರರೋ, ಆರೋಪಿಗಳ ವಕೀಲರಿಗಾಗಿ ಚಂದಾ ಎತ್ತಿದರು! ಜ್ಯೂರಿ ಅರ್ಧ ಗಂಟೆಯನ್ನೂ ತೆಗೆದುಕೊಳ್ಳದೆ 11 ಜನರನ್ನೂ ಬಿಟ್ಟಿತು. ಅಟಾರ್ನಿ ಜನರಲ್ ಪ್ಲಂಕೆಟ್ ಮಾತ್ರ ಬಿಡಲಿಲ್ಲ. ಒಂದು ಮಗುವಿನ ಕೊಲೆ ಹಿಡಿದು ಏಳು ಜನರ ಮೇಲೆ ಮತ್ತೆ ಕೇಸು ನಡೆಸಿದ. ಡಿಸೆಂಬರ್ 18ಕ್ಕೆ ಏಳೂ ಮಂದಿ ನೇಣಿಗೇರಿದರು.

ಉಳಿದ ನಾಲ್ವರು ಬಿಡುಗಡೆಯಾದರು. ಅವರ ವಿರುದ್ಧ ಹೇಳಬೇಕಿದ್ದವನು ಯಿಂಟಯಿಂಟಿನ್, ಬಿಳಿಯರ ಬಾಯಲ್ಲಿ ಡೇವಿ. ಮೂಲನಿವಾಸಿ. ಕ್ರೈಸ್ತನಲ್ಲ, ಹಾಗಾಗಿ ಪ್ರಮಾಣ ಮಾಡುವಂತಿಲ್ಲ, ಹಾಗಾಗಿ ಅವನ ಮಾತು ಕೋರ್ಟಿಗೆ ಬೇಡ. ಅಂದರೆ ಬಿಳಿಯನೊಬ್ಬ ಬಾಯಿ ಬಿಡದ ಕಡೆಯೆಲ್ಲ ಕೊಲೆಗೆ ಸಾಕ್ಷಿಯೇ ಇಲ್ಲ. ಇಂಥ ಕಡೆಗಳು ಎಷ್ಟಿದ್ದವೋ ನೀವೇ ಊಹಿಸಿ.

ನೇಣಿಗೇರಿದವರೆಲ್ಲ ಕೈದಿಗಳು, ಇಲ್ಲವೇ ಹಿಂದೆ ಕೈದಿಗಳಾಗಿದ್ದವರು. ಗುಂಪಿನ ಮುಂದಾಳು ಜಾನ್ ಫ್ಲೆಮಿಂಗ್ ಜಮೀನುದಾರರ ಮನೆಯ ಹುಡುಗ. ಅವನು ತಪ್ಪಿಸಿಕೊಂಡ, ವಿಚಾರಣೆಯೇ ಆಗಲಿಲ್ಲ. ಮುಂದೆ ಊರಿನ ಮರ್ಯಾದಸ್ಥನಾಗಿ ಬಾಳಿದ.

ಆಮೇಲೆ ಕೊಲೆಗಳೇನೂ ನಿಲ್ಲಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವುದು ಕಡಿಮೆಯಾಯಿತು, ಅಷ್ಟೇ. 1928ರಲ್ಲಿ ಮಧ್ಯ ಆಸ್ಟ್ರೇಲಿಯಾದ ಕೋನಿಸ್ಟನ್‌ನಲ್ಲಿ ಒಬ್ಬ ಬಿಳಿಯನ ಸಾವಿಗೆ ಸೇಡು ತೀರಿಸಿಕೊಳ್ಳಲು ಪೊಲೀಸನೇ ಮುಂದೆ ನಿಂತ. ಸರ್ಕಾರಿ ಲೆಕ್ಕದಲ್ಲೇ 31 ಸಾವು. ವಿಚಾರಣಾ ಮಂಡಳಿ ಎಲ್ಲವನ್ನೂ ಸರಿ ಎಂದಿತು.

ಸಿಡ್ನಿ, ಮೆಲ್ಬರ್ನ್‌ನಲ್ಲಿರುವ ನಮ್ಮವರು ಸಭೆಗಳ ಶುರುವಿನಲ್ಲಿ ಈ ನೆಲದ ಮೂಲ ಒಡೆಯರಿಗೆ ಗೌರವ ಎಂಬ ಮಾತು ಕೇಳಿಯೇ ಇರುತ್ತೀರಿ. ಒಳ್ಳೆಯದೇ. ಜೊತೆಗೆ ಆಸ್ಟ್ರೇಲಿಯಾದ ನ್ಯೂಕಾಸಲ್ ವಿಶ್ವವಿದ್ಯಾಲಯದ ಹತ್ಯಾಕಾಂಡಗಳ ನಕ್ಷೆಯನ್ನೂ ತೆರೆದು ನೋಡಿ, ಆನ್‌ಲೈನಿನಲ್ಲೇ ಇದೆ. 400ಕ್ಕೂ ಜಾಸ್ತಿ ಜಾಗಗಳಿವೆ. ನೀವು ರಜೆಗೆ ಕಾರಿನಲ್ಲಿ ಹಾದುಹೋದ ಊರೂ ಅದರಲ್ಲಿ ಇರಬಹುದು.