ತೊಗರಿ ಮಾರಿ ತಂದ ಡಬ್ಬಿ

ಕಲಬುರಗಿಯ ಜಿಮ್‌ಗಳಲ್ಲಿ ಈಗ ಎರಡು ಪಂಗಡ: ಒಂದು ವೇ ಪ್ರೋಟೀನ್ ಪುಡಿಯದು, ಇನ್ನೊಂದು ಬಟಾಣಿ ಪ್ರೋಟೀನ್ ಪುಡಿಯದು. ಶರಣರ ನಾಡಿನಲ್ಲಿ ವಾದಕ್ಕೇನೂ ಬರವಿಲ್ಲ. ಆದರೆ ಡಂಬೆಲ್ ಕೆಳಗಿಟ್ಟು ಅರ್ಧ ಗಂಟೆ ವಾದಿಸಿದರೆ ತೋಳಿಗಿಂತ ದವಡೆ ಬಲಿಯುತ್ತದೆ.

ವೇ ಎಂದರೆ ಹಾಲು ಒಡೆಸಿ ಚೀಸ್ ತೆಗೆದ ಮೇಲೆ ಉಳಿಯುವ ತಿಳಿನೀರು. ಅದನ್ನು ಸೋಸಿ, ಒಣಗಿಸಿ, ಚಾಕೊಲೇಟ್ ವಾಸನೆ ಹಚ್ಚಿದರೆ ಪ್ರಸಾದ ಸಿದ್ಧ. ಸ್ನಾಯುವಿಗೆ ಬೇಕಾದ ಲ್ಯೂಸಿನ್ ಎಂಬ ಪ್ರೋಟೀನ್ ಘಟಕ ಅದರಲ್ಲಿ ಹೆಚ್ಚು, ನಿಜ. ಬಟಾಣಿಯವರು ಇನ್ನೊಂದಿಷ್ಟು ಪುಡಿ ಸುರಿದುಕೊಂಡರೆ ಆ ಅಂತರವೂ ಮುಚ್ಚುತ್ತದೆ. ಇಷ್ಟು ದೊಡ್ಡ ಧರ್ಮಯುದ್ಧ ಒಂದು ಚಮಚದ್ದು!

ನಮ್ಮ ಓಣಿಯ ಹುಡುಗ ಬಟಾಣಿ ಪಂಗಡದವನು. ಅಪ್ಪನಿಗೆ ಆಳಂದದ ಕಡೆ ತೊಗರಿ ಹೊಲ. 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ತೊಗರಿ ಇದೇ. ಬೇಳೆಯ ನೂರು ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಜೋಳದಲ್ಲಿ ಕೊರತೆ ಇರುವ ಲೈಸಿನ್ ಎಂಬ ಇನ್ನೊಂದು ಪ್ರೋಟೀನ್ ಘಟಕ ತೊಗರಿಯಲ್ಲಿದೆ. ರೊಟ್ಟಿಯ ಜೊತೆ ಬೇಳೆ ಇಟ್ಟ ಅಜ್ಜಿಗೆ ಯಾವ ಕೋಚೂ ಇದನ್ನು ಹೇಳಿಕೊಟ್ಟಿರಲಿಲ್ಲ. ಹುಡುಗ ಮಾತ್ರ ತಟ್ಟೆ ಸರಿಸಿ, “ಅವ್ವಾ, ಬೇಳೆ ಬೇಡ, ನನಗೆ ಪ್ರೋಟೀನ್ ಬೇಕು” ಎಂದ.

ಒಂದು ಕಿಲೋ ಡಬ್ಬಿಗೆ ಮೂರು ಸಾವಿರ ರೂಪಾಯಿ. ತೊಗರಿ ಮಾರಲು ಅಪ್ಪ ಧಾನ್ಯದ ಪೇಟೆಯಾದ ಗಂಜ್‌ಗೆ ಹೋದರು. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಅದು ಪೂರ್ತಿ ಕೈಗೆ ಬಂದಿತು ಎಂದೇ ಇಟ್ಟುಕೊಳ್ಳೋಣ (ಲೆಕ್ಕದಲ್ಲಾದರೂ ರೈತ ಸುಖವಾಗಿರಲಿ), ಆಗಲೂ ಮಾರಬೇಕಾದದ್ದು 37 ಕಿಲೋಗೂ ಹೆಚ್ಚು ತೊಗರಿ. ಮಿಲ್ಲಿನಲ್ಲಿ ಹೊಟ್ಟು, ನುಚ್ಚು ಕಳೆದರೂ ಅದರ ಬೇಳೆಯಲ್ಲಿ ಹತ್ತಿರ ಹತ್ತಿರ ಆರು ಕಿಲೋ ಪ್ರೋಟೀನ್ ಇತ್ತು. ಡಬ್ಬಿಯಲ್ಲಿರುವುದು ಹೆಚ್ಚೆಂದರೆ 800 ಗ್ರಾಂ. ಆರು ಕಿಲೋ ಕೊಟ್ಟು ಮುಕ್ಕಾಲು ಕಿಲೋ ತರುವ ಈ ವ್ಯಾಪಾರ ತೊಗರಿಯ ಕಣಜದಲ್ಲಿ ಮಾತ್ರ ಸಾಧ್ಯ.

ಡಬ್ಬಿಯ ಮೇಲೆ ಹಳದಿ ಬಟಾಣಿಯ ಚಿತ್ರ. ಅಪ್ಪ ಕನ್ನಡಕ ಏರಿಸಿ ನೋಡಿದರು. 2023ರ ಡಿಸೆಂಬರ್‌ನಲ್ಲಿ ಸುಂಕ ತೆಗೆದು ಹೊರದೇಶದ ಹಳದಿ ಬಟಾಣಿಯನ್ನು ಒಳಗೆ ಬಿಟ್ಟಾಗ, ತೊಗರಿಯ ದರ ಬಿದ್ದೀತೆಂದು ಗಂಜ್‌ನಲ್ಲಿ ಬೈದವರಲ್ಲಿ ಅವರೂ ಒಬ್ಬರು. ಈಗ ಅದೇ ಬಟಾಣಿ ಅಡುಗೆಮನೆಯ ಕಪಾಟಿನಲ್ಲಿ, ಬೀಗ ಹಾಕಿಸಿಕೊಂಡು ಕುಳಿತಿದೆ.

ಮಗ ಕಲಸಿ ಕೊಟ್ಟದ್ದನ್ನು ಒಂದು ಗುಟುಕು ಕುಡಿದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ಇದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕುವುದಿಲ್ಲವೇನಪ್ಪಾ?”